ಹಾಡಿನ ವಿಡಿಯೋದಿಂದ ಹಿರಿತೆರೆಗೆ: ನಿರ್ದೇಶಕ ತರ್ಸೇಮ್ ಸಿಂಗ್

ತರ್ಸೇಮ್ ಸಿಂಗ್ ಧಂದ್ವಾರ್ 1961ರ ಮೇ 26ರಂದು ಪಂಜಾಬಿನ ಜಲಂಧರ್‌ನ ಸಿಖ್ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ವಿಮಾನಗಳ ಎಂಜಿನಿಯರ್, ಕೆಲಸ ಇರಾನಿನಲ್ಲಿ. ಹೀಗಾಗಿ ಮಗನ ಬಾಲ್ಯ ಎರಡು ಕಡೆ ಹಂಚಿಹೋಯಿತು. ಓದು ಶಿಮ್ಲಾದ ಬಿಷಪ್ ಕಾಟನ್ ಶಾಲೆಯಲ್ಲಿ, ಮನೆ ಇರಾನಿನಲ್ಲಿ. ಅಲ್ಲಿನ ಟಿವಿಯಲ್ಲಿ ಬರುತ್ತಿದ್ದ ಕಾರ್ಯಕ್ರಮಗಳ ಭಾಷೆ ಹುಡುಗನಿಗೆ ತಿಳಿಯುತ್ತಿರಲಿಲ್ಲ. ಬರೀ ಚಿತ್ರಗಳನ್ನು ನೋಡಿ ತನ್ನದೇ ಕತೆ ಕಟ್ಟಿಕೊಳ್ಳುತ್ತಿದ್ದುದನ್ನು ಅವರು ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಮೂರು ದಶಕಗಳ ಅವರ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವಿವರ ಬಹಳ ಸಹಾಯ ಮಾಡುತ್ತದೆ. ಮಾತು ಕಿವಿಗೆ ಬೀಳುವ ಮೊದಲೇ ಚಿತ್ರ ಅರ್ಥ ಹೇಳಿ ಮುಗಿಸಬೇಕು ಎಂಬ ನಂಬಿಕೆ ಅವರ ಮ್ಯೂಸಿಕ್ ವಿಡಿಯೋಗಳಲ್ಲೂ ಜಾಹೀರಾತುಗಳಲ್ಲೂ ಚಲನಚಿತ್ರಗಳಲ್ಲೂ ಉದ್ದಕ್ಕೂ ಕಾಣುತ್ತದೆ. ಅವರಿಗೆ ಸಿಕ್ಕ ಹೊಗಳಿಕೆ, ತೆಗಳಿಕೆ ಎರಡಕ್ಕೂ ಮೂಲ ಅದೇ.

ದೆಹಲಿಯಲ್ಲಿ ಕಾಲೇಜು ಓದುತ್ತಿದ್ದಾಗ ಅಮೆರಿಕದ ಚಲನಚಿತ್ರ ಶಾಲೆಗಳನ್ನು ಪರಿಚಯಿಸುವ ಪುಸ್ತಕವೊಂದು ತರ್ಸೇಮ್ ಕಣ್ಣಿಗೆ ಬಿತ್ತು. ಸಿನಿಮಾವನ್ನು ಕಾಲೇಜಿನಲ್ಲಿ ಕುಳಿತು ಕಲಿಯಬಹುದು ಎಂಬುದೇ ಅವರಿಗೆ ಹೊಸ ಸಂಗತಿ. ಮಗ ವ್ಯವಹಾರ ಶಾಸ್ತ್ರ ಓದಲಿ ಎಂಬ ತಂದೆಯ ಇಚ್ಛೆಯನ್ನು ಮೀರಿ ಅಮೆರಿಕಕ್ಕೆ ಹೋದ ಅವರು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಆರ್ಟ್ ಸೆಂಟರ್ ಕಾಲೇಜ್ ಆಫ್ ಡಿಸೈನ್ ಸೇರಿದರು. ಚಿತ್ರಕಲೆ, ಛಾಯಾಗ್ರಹಣ, ಜಾಹೀರಾತು, ಕಾರಿನ ವಿನ್ಯಾಸ ಎಲ್ಲವನ್ನೂ ಒಂದೇ ಆವರಣದಲ್ಲಿ ಕಲಿಸುವ ಸಂಸ್ಥೆ ಅದು. ಮುಂದೆ ಹಾಲಿವುಡ್‌ನ ದುಬಾರಿ ಚಿತ್ರಗಳಿಗೆ ಹೆಸರಾದ ಮೈಕೆಲ್ ಬೇ ಮತ್ತು ಝ್ಯಾಕ್ ಸ್ನೈಡರ್ ಅದೇ ಕಾಲದಲ್ಲಿ ಅಲ್ಲಿ ಓದಿದವರು. ಈ ಮೂವರೂ ಕತೆ ಬರೆಯುವುದಕ್ಕಿಂತ ಮೊದಲು ಚೌಕಟ್ಟು ಕಟ್ಟುವುದನ್ನು ಕಲಿತರು. ಮೂವರೂ ಮ್ಯೂಸಿಕ್ ವಿಡಿಯೋ ಮತ್ತು ಜಾಹೀರಾತುಗಳ ದಾರಿಯಿಂದಲೇ ಸಿನಿಮಾಕ್ಕೆ ಬಂದರು.

ಹಾಡಿಗೆ ಚಿತ್ರ ಬೇಕಾದ ಕಾಲ

ಆ ದಾರಿ ತೆರೆದದ್ದು ಎಂಟಿವಿ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಶುರುವಾದ ಈ ವಾಹಿನಿ ಇಡೀ ದಿನ ಹಾಡುಗಳ ವಿಡಿಯೋಗಳನ್ನು ತೋರಿಸತೊಡಗಿತು. ಮೊದಲು ರೇಡಿಯೋದಲ್ಲಿ ಕೇಳಿ ಕೊಳ್ಳುತ್ತಿದ್ದ ಹಾಡನ್ನು ಜನ ಈಗ ನೋಡಿ ಕೊಳ್ಳತೊಡಗಿದರು. ಕೆಲವೇ ವರ್ಷಗಳಲ್ಲಿ ಧ್ವನಿಮುದ್ರಣ ಕಂಪನಿಗಳಿಗೆ ವಿಡಿಯೋ ಇಲ್ಲದ ಹಾಡು ಮಾರುವುದು ಕಷ್ಟವಾಯಿತು. ಸ್ಟುಡಿಯೋಗಳ ಬಾಗಿಲಲ್ಲಿ ವರ್ಷಗಟ್ಟಲೆ ಕಾಯಬೇಕಿದ್ದ ಯುವಕರಿಗೆ ನಾಲ್ಕು ನಿಮಿಷದ ಚಿತ್ರ ತೆಗೆಯಲು ಹಣ, ಕ್ಯಾಮೆರಾ, ಕಲಾವಿದರು ಎಲ್ಲವೂ ಒದಗಿದವು. ಸಂಭಾಷಣೆ ಬೇಕಿರಲಿಲ್ಲ, ಕತೆಗೆ ಆದಿ ಅಂತ್ಯ ಇರಬೇಕೆಂಬ ನಿಯಮವೂ ಇರಲಿಲ್ಲ. ನೋಡುವವನ ಕಣ್ಣು ಬೇರೆ ಕಡೆ ಹೋಗದಂತೆ ಹಿಡಿದಿಡುವುದಷ್ಟೇ ಷರತ್ತು.

ಈ ಶಾಲೆಯಿಂದ ಬಂದವರ ಪಟ್ಟಿ ದೊಡ್ಡದು. ಮಡೋನಾ ಹಾಡುಗಳ ವಿಡಿಯೋ ಮಾಡುತ್ತಿದ್ದ ಡೇವಿಡ್ ಫಿಂಚರ್ 1992ರಲ್ಲಿ 'ಏಲಿಯನ್ 3' ನಿರ್ದೇಶಿಸಿದರು. ಮೈಕೆಲ್ ಬೇ ಅವರ 'ಬ್ಯಾಡ್ ಬಾಯ್ಸ್' 1995ರಲ್ಲಿ, ಸ್ಪೈಕ್ ಜೋನ್ಸ್ ಅವರ 'ಬೀಯಿಂಗ್ ಜಾನ್ ಮಾಲ್ಕೊವಿಚ್' 1999ರಲ್ಲಿ ಬಂದವು. ಬ್ರಿಟನ್ನಿನ ಜೊನಾಥನ್ ಗ್ಲೇಝರ್, ಫ್ರಾನ್ಸಿನ ಮಿಶೆಲ್ ಗೊಂದ್ರಿ ಕೂಡ ಇದೇ ಹಾದಿಯವರು. ಆದರೂ 'ವಿಡಿಯೋ ನಿರ್ದೇಶಕ' ಎಂಬ ಮಾತಿನಲ್ಲಿ ಬಹಳ ಕಾಲ ಒಂದು ಬೈಗುಳದ ಧ್ವನಿ ಇತ್ತು. ಕಣ್ಣಿಗೆ ಹಬ್ಬ, ಒಳಗೆ ಟೊಳ್ಳು ಎಂಬುದು ಅದರ ಅರ್ಥ. ಆ ಮಾತು ಯಾರಿಗಿಂತಲೂ ಹೆಚ್ಚು ಅಂಟಿಕೊಂಡದ್ದು ತರ್ಸೇಮ್ ಅವರಿಗೆ.

ಅವರ ಆರಂಭದ ಕೆಲಸಗಳಲ್ಲಿ 1990ರ ಎರಡು ವಿಡಿಯೋಗಳಿವೆ. ಒಂದು ಎನ್ ವೋಗ್ ಎಂಬ ಗಾಯಕಿಯರ ತಂಡದ 'ಹೋಲ್ಡ್ ಆನ್', ಇನ್ನೊಂದು ಸುಝಾನ್ ವೇಗಾ ಹಾಡಿದ 'ಟೈರ್ಡ್ ಆಫ್ ಸ್ಲೀಪಿಂಗ್'. ಅವು ಗಮನ ಸೆಳೆದವು. ಆದರೆ ಅವರ ಹೆಸರನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಮರುವರ್ಷದ ಕೆಲಸ.

1991ರ ಒಂದು ವಿಡಿಯೋ

ಅಮೆರಿಕದ ಜಾರ್ಜಿಯಾ ರಾಜ್ಯದ ಆಥೆನ್ಸ್ ಊರಿನ ಆರ್‌ಇಎಂ ತಂಡ 1991ರಲ್ಲಿ 'ಔಟ್ ಆಫ್ ಟೈಮ್' ಎಂಬ ಆಲ್ಬಂ ತಂದಿತು. ಅದರಿಂದ ಮೊದಲು ಸಿಂಗಲ್ ಆಗಿ ಬಿಡುಗಡೆಯಾದ ಹಾಡು 'ಲೂಸಿಂಗ್ ಮೈ ರಿಲಿಜನ್'. ಗಿಟಾರಿನ ಅಬ್ಬರವಿಲ್ಲದೆ ಮ್ಯಾಂಡೋಲಿನ್ ಎಳೆಯ ಮೇಲೆ ನಿಂತ, ಪಲ್ಲವಿಯೆಂದು ಎತ್ತಿ ತೋರಿಸುವ ಭಾಗವೇ ಇಲ್ಲದ ಹಾಡು ಅದು. ಜನಪ್ರಿಯವಾಗಬಹುದೆಂಬ ನಿರೀಕ್ಷೆ ಹೆಚ್ಚಿರಲಿಲ್ಲ. ಗಾಯಕ ಮೈಕೆಲ್ ಸ್ಟೈಪ್ ಅವರಿಗೆ ವಿಡಿಯೋದಲ್ಲಿ ತುಟಿ ಆಡಿಸುವುದೆಂದರೆ ಆಗುತ್ತಿರಲಿಲ್ಲ. ಈ ಹಾಡಿಗೆ ಅವರು ಆ ಹಟ ಬಿಟ್ಟರು. ಭಾರತದ ಸಿನಿಮಾಗಳ ಒಂದು ಬಗೆಯ ಅತಿರೇಕದ, ಕನಸಿನಂಥ ಶೈಲಿಯಲ್ಲಿ ವಿಡಿಯೋ ಮಾಡಬೇಕೆಂಬುದು ತರ್ಸೇಮ್ ಅವರ ಯೋಚನೆಯಾಗಿತ್ತು.

ವಿಡಿಯೋ ಶುರುವಾಗುವುದು ಒಂದು ಮಬ್ಬು ಕೋಣೆಯಲ್ಲಿ. ಕಿಟಕಿಯಾಚೆ ಮಳೆ. ಹಾಲಿನ ಹೂಜಿ ಬಿದ್ದು ಒಡೆಯುತ್ತದೆ. ರಷ್ಯಾದ ಆಂದ್ರೇ ತಾರ್ಕೋವ್‌ಸ್ಕಿ ಅವರ ಕೊನೆಯ ಚಿತ್ರ 'ದ ಸ್ಯಾಕ್ರಿಫೈಸ್'ಗೆ ಅದು ನೇರ ನಮಸ್ಕಾರ. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಸ್ತಬ್ಧಚಿತ್ರಗಳು ಬರುತ್ತವೆ: ಬಾಣ ನಾಟಿದ ಸಂತ ಸೆಬಾಸ್ಟಿಯನ್, ಯೇಸುವಿನ ಗಾಯವನ್ನು ಮುಟ್ಟಿ ನೋಡುವ ಅನುಮಾನದ ಶಿಷ್ಯ ಥಾಮಸ್, ಹಿಂದೂ ದೇವತೆಗಳು, ರೆಕ್ಕೆ ಹೊತ್ತ ಮುದುಕ. ಆ ಮುದುಕ ಬಂದದ್ದು ಗೇಬ್ರಿಯಲ್ ಗಾರ್ಸಿಯಾ ಮಾರ್ಕೇಝ್ ಅವರ ಒಂದು ಸಣ್ಣಕತೆಯಿಂದ. ಕತ್ತಲೆಯನ್ನು ಸೀಳಿ ಒಂದೇ ಕಡೆಯಿಂದ ಬೀಳುವ ಬೆಳಕು ಇಟಲಿಯ ಚಿತ್ರಕಾರ ಕರವಾಜಿಯೊ ಅವರದು. ಇಷ್ಟೊಂದು ಕಡೆಯಿಂದ ತಂದ ಸಾಮಗ್ರಿ ಕಲಸುಮೇಲೋಗರವಾಗದೆ ಉಳಿದದ್ದು ಹಾಡಿನ ಭಾವದಿಂದಾಗಿ. ಹಾಡಿನ ಹೆಸರು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ತಾಳ್ಮೆಯ ಕಟ್ಟೆ ಒಡೆಯುವುದಕ್ಕೆ ಹೇಳುವ ನುಡಿಗಟ್ಟು. ವಸ್ತು ಒಲಿಯದ ಪ್ರೀತಿಯ ಹಪಾಹಪಿ. ತರ್ಸೇಮ್ ಆ ಹಪಾಹಪಿಗೆ ಭಕ್ತಿ ಮತ್ತು ಅನುಮಾನದ ಚಿತ್ರಗಳನ್ನು ಜೋಡಿಸಿದರು.

ಫಲ ದೊಡ್ಡದಾಗಿತ್ತು. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಆ ತಂಡದ ಇನ್ನಾವ ಹಾಡೂ ಅಷ್ಟು ಮೇಲಕ್ಕೆ ಹೋಗಲಿಲ್ಲ. 1991ರ ಎಂಟಿವಿ ವಿಡಿಯೋ ಪ್ರಶಸ್ತಿಗಳಲ್ಲಿ ಒಂಬತ್ತು ನಾಮನಿರ್ದೇಶನ ಪಡೆದ ವಿಡಿಯೋ ಆರನ್ನು ಗೆದ್ದಿತು. ವರ್ಷದ ವಿಡಿಯೋ, ಉತ್ತಮ ನಿರ್ದೇಶನ, ಸಂಕಲನ, ಕಲಾ ನಿರ್ದೇಶನ ಅವುಗಳಲ್ಲಿ ಸೇರಿದ್ದವು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು. ವಿಚಿತ್ರವೆಂದರೆ, ಆ ಕಾಲದಲ್ಲಿ ಎಂಟಿವಿ ತೆರೆಯ ಮೂಲೆಯಲ್ಲಿ ಹಾಡು, ಗಾಯಕ, ಕಂಪನಿಗಳ ಹೆಸರು ಹಾಕುತ್ತಿತ್ತೇ ಹೊರತು ನಿರ್ದೇಶಕರ ಹೆಸರನ್ನು ಹಾಕುತ್ತಿರಲಿಲ್ಲ. ಆ ರೂಢಿ ಬಂದದ್ದು 1992ರ ಕೊನೆಗೆ. ಕೋಟ್ಯಂತರ ಜನ ನೋಡಿದ ವಿಡಿಯೋದ ಹಿಂದೆ ಜಲಂಧರ್‌ನ ಒಬ್ಬ ಯುವಕ ಇದ್ದಾನೆಂಬುದು ಬಹುಪಾಲು ನೋಡುಗರಿಗೆ ಗೊತ್ತೇ ಇರಲಿಲ್ಲ.

ಜಾಹೀರಾತಿನ ದಶಕ

ಇಂಥ ಗೆಲುವಿನ ನಂತರ ಫಿಂಚರ್‌ರಂಥವರು ನೇರ ಹಾಲಿವುಡ್‌ಗೆ ನಡೆದರು. ತರ್ಸೇಮ್ ಸುಮಾರು ಒಂಬತ್ತು ವರ್ಷ ಜಾಹೀರಾತುಗಳಲ್ಲೇ ಉಳಿದರು. 1992ರಲ್ಲಿ ಲೀವೈಸ್ ಜೀನ್ಸ್‌ಗಾಗಿ ಮಾಡಿದ 'ಸ್ವಿಮ್ಮರ್' ಅವರನ್ನು ಆ ಕ್ಷೇತ್ರದ ಮುಂಚೂಣಿಗೆ ತಂದಿತು. ಜೀನ್ಸ್ ತೊಟ್ಟ ಯುವಕನೊಬ್ಬ ಶ್ರೀಮಂತರ ಹಿತ್ತಿಲಿನ ಈಜುಕೊಳಗಳಿಗೆ ಒಂದರ ನಂತರ ಒಂದರಂತೆ ಧುಮುಕುತ್ತಾ ಸಾಗುವ ಆ ಜಾಹೀರಾತಿನ ಹಿಂದೆ ಬರ್ಟ್ ಲ್ಯಾಂಕಾಸ್ಟರ್ ನಟಿಸಿದ 1968ರ ಅದೇ ಹೆಸರಿನ ಸಿನಿಮಾ ಇತ್ತು. 1996ರಲ್ಲಿ ನೈಕಿಗಾಗಿ ತೆಗೆದ ಜಾಹೀರಾತಿನಲ್ಲಿ ಎರಿಕ್ ಕಾಂಟೊನಾ, ಪಾವೊಲೊ ಮಾಲ್ದೀನಿ, ರೊನಾಲ್ಡೊ ಮೊದಲಾದ ಫುಟ್‌ಬಾಲ್ ಆಟಗಾರರು ಪ್ರಾಚೀನ ರೋಮನ್ ರಂಗಮಂಟಪವೊಂದರಲ್ಲಿ ಪಿಶಾಚಿಗಳ ತಂಡದ ಎದುರು ಆಡುತ್ತಾರೆ. 2004ರ ಪೆಪ್ಸಿ ಜಾಹೀರಾತಿನಲ್ಲಿ ಬ್ರಿಟ್ನಿ ಸ್ಪಿಯರ್ಸ್, ಬಿಯಾನ್ಸೆ, ಪಿಂಕ್ ಮೂವರೂ ರೋಮಿನ ಖಡ್ಗಮಲ್ಲರ ವೇಷದಲ್ಲಿ ಬಂದರು.

ಜಾಹೀರಾತು ಅವರಿಗೆ ಮೂರು ಬಗೆಯಲ್ಲಿ ಒದಗಿತು. ಒಂದು, ಹಣ. ಎರಡು, ಕೆಲಸದ ಹತೋಟಿ. ಅರ್ಧ ನಿಮಿಷದಲ್ಲಿ ವೇಷ, ಬೆಳಕು, ಚಲನೆಗಳಿಂದಲೇ ಒಂದು ಲೋಕ ಕಟ್ಟಿ ನಿಲ್ಲಿಸುವ ಪಳಗು ಅಲ್ಲಿ ಬಂತು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರಯಾಣ. ಚಿತ್ರೀಕರಣಕ್ಕೆಂದು ದೇಶ ದೇಶ ಸುತ್ತುವಾಗ ಅವರು ಮುಂದೊಂದು ದಿನಕ್ಕಾಗಿ ಮರುಭೂಮಿ, ಕೋಟೆ, ಬಾವಿ, ಸೇತುವೆಗಳನ್ನು ಗುರುತು ಹಾಕಿಕೊಂಡರು. ಈ ನಡುವೆ ಮಾಡಿದ ಒಂದು ಮ್ಯೂಸಿಕ್ ವಿಡಿಯೋದಲ್ಲೇ ಆ ದಿನದ ಸುಳಿವಿದೆ. ಡೀಪ್ ಫಾರೆಸ್ಟ್ ತಂಡದ 'ಸ್ವೀಟ್ ಲಲಬೈ' ಹಾಡಿನ ಆ ವಿಡಿಯೋದಲ್ಲಿ ಪುಟ್ಟ ಹುಡುಗಿಯೊಬ್ಬಳು ಮೂರು ಗಾಲಿಯ ಸೈಕಲ್ ತುಳಿಯುತ್ತಾ ಲೋಕದ ಊರೂರುಗಳನ್ನು ದಾಟಿಹೋಗುತ್ತಾಳೆ. ಒಂದು ಮಗುವಿನ ಕಣ್ಣಲ್ಲಿ ಇಡೀ ಭೂಮಿ ಎಂಬ ಈ ಕಲ್ಪನೆಯೇ ಹತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅವರ ಅತಿ ದೊಡ್ಡ ಚಿತ್ರವಾಯಿತು.

ಮೊದಲ ಚಿತ್ರ: 'ದ ಸೆಲ್'

2000ದ ಆಗಸ್ಟ್‌ನಲ್ಲಿ ನ್ಯೂ ಲೈನ್ ಸಂಸ್ಥೆಯ 'ದ ಸೆಲ್' ತೆರೆಗೆ ಬಂತು. ಮಾರ್ಕ್ ಪ್ರೊಟೊಸೆವಿಚ್ ಬರೆದ ಕತೆಯಲ್ಲಿ ಸರಣಿ ಕೊಲೆಗಾರನೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಅವನು ಬಚ್ಚಿಟ್ಟಿರುವ ಯುವತಿಯನ್ನು ಉಳಿಸಲು ಅವಳಿರುವ ಜಾಗ ತಿಳಿಯಬೇಕು. ಅದಕ್ಕಾಗಿ ಮನಶ್ಶಾಸ್ತ್ರಜ್ಞೆಯೊಬ್ಬಳು ಯಂತ್ರದ ನೆರವಿನಿಂದ ಅವನ ಮನಸ್ಸಿನೊಳಗೇ ಇಳಿಯುತ್ತಾಳೆ. ಮನಶ್ಶಾಸ್ತ್ರಜ್ಞೆಯ ಪಾತ್ರ ಜೆನಿಫರ್ ಲೋಪೆಝ್ ಅವರದು, ಕೊಲೆಗಾರ ವಿನ್ಸೆಂಟ್ ಡೊನೊಫ್ರಿಯೊ, ತನಿಖಾಧಿಕಾರಿ ವಿನ್ಸ್ ವಾನ್.

ಸರಣಿ ಕೊಲೆಗಾರರ ಚಿತ್ರಗಳು ಆ ಹೊತ್ತಿಗೆ ಹಾಲಿವುಡ್‌ನಲ್ಲಿ ಹಳಸಿದ ಸರಕಾಗಿದ್ದವು. ತರ್ಸೇಮ್ ಅವರನ್ನು ಸೆಳೆದದ್ದು ತನಿಖೆಯ ಭಾಗವಲ್ಲ, ಮನಸ್ಸಿನೊಳಗಿನ ಲೋಕ. ಅಲ್ಲಿ ವಾಸ್ತವದ ಕಟ್ಟುಪಾಡಿಲ್ಲ, ಏನು ಬೇಕಾದರೂ ಕಟ್ಟಬಹುದು. ನಮೀಬಿಯಾದ ಮರಳುದಿಬ್ಬಗಳ ನಡುವೆ ಬಿಳಿ ಉಡುಪಿನಲ್ಲಿ ಕುದುರೆಯೇರಿ ಬರುವ ನಾಯಕಿಯಿಂದ ಚಿತ್ರ ತೆರೆದುಕೊಳ್ಳುತ್ತದೆ. ನಿಂತ ಕುದುರೆಯ ಮೇಲೆ ಗಾಜಿನ ಹಲಗೆಗಳು ಬಿದ್ದು ಅದು ಹೋಳುಹೋಳಾಗಿ ಬೇರ್ಪಡುವ ದೃಶ್ಯದಲ್ಲಿ ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ಅವರ ನೆರಳಿದೆ. ಬಾಯಿ ತೆರೆದು ಆಕಾಶ ನೋಡುತ್ತಾ ಕುಳಿತ ಮೂವರು ಹೆಂಗಸರು ನಾರ್ವೆಯ ಆಡ್ ನೆರ್ಡ್ರುಮ್ ಅವರ ಕ್ಯಾನ್ವಾಸಿನಿಂದ ಬಂದವರು. ಸಿಂಹಾಸನದಿಂದ ಕೊಲೆಗಾರ ಮೇಲೇಳುವಾಗ ಗೋಡೆಗಳನ್ನು ಮುಚ್ಚಿದ್ದ ನೇರಳೆ ಬಟ್ಟೆಯೆಲ್ಲ ಅವನ ಬೆನ್ನಿಗಂಟಿದ ನಿಲುವಂಗಿಯಾಗಿ ಹಿಂದೆ ಹಿಂದೆ ಎಳೆದು ಬರುತ್ತದೆ.

ಈ ಬಟ್ಟೆಯ ಕಲ್ಪನೆ ಜಪಾನಿನ ಎಯ್ಕೊ ಇಶಿಯೊಕಾ ಅವರ ಕೈಯಿಂದ ಬಂದದ್ದು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅವರ 1992ರ 'ಡ್ರಾಕುಲಾ' ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದಿದ್ದ ಇಶಿಯೊಕಾ ತರ್ಸೇಮ್ ಅವರ ಮೊದಲ ನಾಲ್ಕೂ ಚಿತ್ರಗಳಿಗೆ ಕೆಲಸ ಮಾಡಿದರು. ಅವರು ವಿನ್ಯಾಸ ಮಾಡಿದ ಉಡುಪು ಪಾತ್ರಕ್ಕೆ ತೊಡಿಸಿದ ಬಟ್ಟೆಯಷ್ಟೇ ಆಗಿರುತ್ತಿರಲಿಲ್ಲ. ನಟನ ಮೈಯ ನಡೆ, ನಿಲುವು, ಚೌಕಟ್ಟಿನ ಆಕಾರ ಎಲ್ಲವನ್ನೂ ಅದು ನಿರ್ಧರಿಸುತ್ತಿತ್ತು.

ಸುಮಾರು 3.3 ಕೋಟಿ ಡಾಲರ್ ವೆಚ್ಚದ ಚಿತ್ರ ಮೊದಲ ವಾರಾಂತ್ಯದಲ್ಲಿ ಅಮೆರಿಕದ ಗಳಿಕೆ ಪಟ್ಟಿಯ ತುದಿಯಲ್ಲಿತ್ತು. ಒಟ್ಟು ಗಳಿಕೆ 10 ಕೋಟಿ ಡಾಲರ್ ದಾಟಿತು. ಪ್ರಸಾಧನ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವೂ ಬಂತು. ವಿಮರ್ಶಕರು ಮಾತ್ರ ಎರಡು ಪಾಳಯವಾದರು. ರೋಜರ್ ಎಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟು ಮೆಚ್ಚಿದರೆ, ಹಲವರು ಅದನ್ನು ಎರಡು ಗಂಟೆಯ ಮ್ಯೂಸಿಕ್ ವಿಡಿಯೋ ಎಂದು ತಳ್ಳಿಹಾಕಿದರು. ತಳ್ಳಿದವರ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತು. ಚಿತ್ರದ ಕನಸಿನ ಭಾಗ ಮತ್ತು ಪೊಲೀಸ್ ಭಾಗ ಒಂದಕ್ಕೊಂದು ಬೆಸೆದಿಲ್ಲ. ಒಂದನ್ನು ನಿರ್ದೇಶಕರು ಪ್ರೀತಿಯಿಂದ ಮಾಡಿದ್ದಾರೆ, ಇನ್ನೊಂದನ್ನು ಕರ್ತವ್ಯವೆಂದು ಮುಗಿಸಿದ್ದಾರೆ.

'ದ ಫಾಲ್'

ಇಂಥ ಗಳಿಕೆಯ ನಂತರ ಸ್ಟುಡಿಯೋಗಳ ಕರೆ ಬರುವುದು ಸಹಜ. ತರ್ಸೇಮ್ ಅದಕ್ಕೆ ಬೆನ್ನು ಹಾಕಿ, ಜಾಹೀರಾತಿನಲ್ಲಿ ದುಡಿದ ಸ್ವಂತ ಹಣವನ್ನು ಸುರಿದು 'ದ ಫಾಲ್' ತೆಗೆದರು. ಕತೆಯ ಬೀಜ ಬಲ್ಗೇರಿಯಾದ 1981ರ 'ಯೋ ಹೋ ಹೋ' ಚಿತ್ರದ್ದು. ಝಾಕೊ ಹೆಸ್ಕಿಯಾ ನಿರ್ದೇಶಿಸಿ, ವಲೇರಿ ಪೆಟ್ರೊವ್ ಚಿತ್ರಕಥೆ ಬರೆದಿದ್ದ ಆ ಚಿತ್ರವನ್ನು ಅವರು ವರ್ಷಗಳ ಹಿಂದೆಯೇ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಮೂಕಿ ಚಿತ್ರಗಳ ಕಾಲದ ಲಾಸ್ ಏಂಜಲೀಸ್. ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳು. ರಾಯ್ ಎಂಬ ಸಾಹಸ ಕಲಾವಿದ ಕುದುರೆಯೊಂದಿಗೆ ರೈಲು ಸೇತುವೆಯಿಂದ ಹಾರುವ ದೃಶ್ಯದಲ್ಲಿ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡಿದ್ದಾನೆ. ಪ್ರೀತಿಸಿದವಳು ಚಿತ್ರದ ನಾಯಕನ ಪಾಲಾಗಿದ್ದಾಳೆ. ಕಿತ್ತಳೆ ತೋಟದಲ್ಲಿ ಕೂಲಿ ಮಾಡುವ ವಲಸಿಗರ ಮಗಳು ಅಲೆಕ್ಸಾಂಡ್ರಿಯಾ ಕೈ ಮುರಿದುಕೊಂಡು ಬಂದಿದ್ದಾಳೆ. ರಾಯ್ ಅವಳಿಗೆ ಕತೆ ಹೇಳತೊಡಗುತ್ತಾನೆ. ಕತೆಯ ಆಸೆಗೆ ಅವಳು ಔಷಧಿ ಕೋಣೆಯಿಂದ ಮಾರ್ಫಿನ್ ಕದ್ದು ತರಲಿ, ಅದನ್ನು ನುಂಗಿ ತಾನು ಸಾಯಬಹುದು ಎಂಬುದು ಅವನ ಒಳಸಂಚು.

ಹೇಳುವವನು ರಾಯ್, ಆದರೆ ತೆರೆಯ ಮೇಲೆ ನಮಗೆ ಕಾಣುವುದು ಹುಡುಗಿಯ ಮನಸ್ಸಿನಲ್ಲಿ ಮೂಡುವ ಚಿತ್ರಗಳು. ಇದೇ ಚಿತ್ರದ ಜೀವಾಳ. ರಾಯ್ 'ಇಂಡಿಯನ್' ಎಂದಾಗ ಅವನ ತಲೆಯಲ್ಲಿರುವುದು ಅಮೆರಿಕದ ಮೂಲನಿವಾಸಿ. ಅಲೆಕ್ಸಾಂಡ್ರಿಯಾಗೆ ಗೊತ್ತಿರುವುದು ತೋಟದಲ್ಲಿ ಜೊತೆಗೆ ದುಡಿಯುವ ಪೇಟ ತೊಟ್ಟ ಭಾರತೀಯ. ಹೀಗಾಗಿ ತೆರೆಯ ಮೇಲೆ ಬರುವವನು ಕತ್ತಿ ಹಿರಿದ ಭಾರತದ ಯೋಧ. ಆಸ್ಪತ್ರೆಯ ಎಕ್ಸ್‌ರೇ ಸಿಬ್ಬಂದಿಯ ಭಯಾನಕ ರಕ್ಷಾಕವಚ ಅವಳ ಕತೆಯಲ್ಲಿ ಖಳನ ಸೈನಿಕರ ಕಪ್ಪು ಉಡುಗೆಯಾಗುತ್ತದೆ, ಅಕ್ಕರೆಯ ನರ್ಸ್ ರಾಜಕುಮಾರಿಯಾಗುತ್ತಾಳೆ. ಭಾಷೆ ತಿಳಿಯದ ಟಿವಿಯ ಮುಂದೆ ಕುಳಿತು ಕತೆ ಹೆಣೆದ ಬಾಲಕನ ಅನುಭವ ಇಲ್ಲಿ ಚಿತ್ರದ ರಚನೆಯೇ ಆಗಿ ಬಂದಿದೆ.

ಅಲೆಕ್ಸಾಂಡ್ರಿಯಾ ಪಾತ್ರಕ್ಕೆ ಸಿಕ್ಕವಳು ರೊಮೇನಿಯಾದ ಪುಟ್ಟ ಬಾಲಕಿ ಕತಿಂಕಾ ಉಂತಾರು. ಇಂಗ್ಲಿಷ್ ಅವಳಿಗೆ ಆಗಷ್ಟೇ ಬರುತ್ತಿತ್ತು. ರಾಯ್ ಪಾತ್ರದ ಲೀ ಪೇಸ್ ಆಗ ಹೆಚ್ಚು ಪರಿಚಿತರಲ್ಲ. ಈ ಅನುಕೂಲ ಬಳಸಿಕೊಂಡು ತರ್ಸೇಮ್ ಅವರು ಲೀ ಪೇಸ್‌ಗೆ ನಿಜವಾಗಿಯೂ ನಡೆಯಲಾಗುವುದಿಲ್ಲ ಎಂದು ಹುಡುಗಿಯನ್ನೂ ಬಹುಪಾಲು ಸಿಬ್ಬಂದಿಯನ್ನೂ ನಂಬಿಸಿದರು. ನಟ ವಾರಗಟ್ಟಲೆ ಹಾಸಿಗೆ ಮತ್ತು ಗಾಲಿಕುರ್ಚಿಯಲ್ಲೇ ಇದ್ದರು. ಆಸ್ಪತ್ರೆಯ ಭಾಗವನ್ನು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಚಿತ್ರೀಕರಿಸಲಾಯಿತು. ಹಾಸಿಗೆಯ ಸುತ್ತ ಪರದೆ ಎಳೆದು, ಅದರ ತೂತಿನಿಂದ ಕ್ಯಾಮೆರಾ ಇಣುಕುವ ಏರ್ಪಾಡಿತ್ತು. ಕ್ಯಾಮೆರಾದ ಪರಿವೆಯಿಲ್ಲದ ಹುಡುಗಿ ತಡವರಿಸುತ್ತಾ, ಮಧ್ಯೆ ಬಾಯಿ ಹಾಕುತ್ತಾ, ತಪ್ಪು ತಿಳಿಯುತ್ತಾ ಮಾತಾಡುತ್ತಾಳೆ. ಅವಳ ತಪ್ಪುಗಳನ್ನೇ ಕತೆಯೊಳಕ್ಕೆ ಸೇರಿಸಿಕೊಳ್ಳಲಾಯಿತು. ದೃಶ್ಯ ವೈಭವಕ್ಕೆ ಹೆಸರಾದ ಚಿತ್ರವೊಂದರ ಅತಿ ಗಟ್ಟಿ ಭಾಗ ಹೀಗೆ ಬರೀ ಇಬ್ಬರು ಮಾತಾಡುವ ಆಸ್ಪತ್ರೆಯ ದೃಶ್ಯಗಳಾದವು.

ಕತೆಯೊಳಗಿನ ಕತೆಯ ಚಿತ್ರೀಕರಣ ನಾಲ್ಕು ವರ್ಷ, ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯಿತು. ವಿಧಾನ ಸರಳವಾಗಿತ್ತು. ತಮಗೆ ಬೇಕಾದ ಊರಿಗೆ ಹೋಗುವ ಜಾಹೀರಾತುಗಳನ್ನು ತರ್ಸೇಮ್ ಒಪ್ಪಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ನಟರನ್ನು ಅಲ್ಲಿಗೇ ಕರೆಸಿ ತಮ್ಮ ಚಿತ್ರದ ಭಾಗ ತೆಗೆಯುತ್ತಿದ್ದರು. ನಮೀಬಿಯಾದ ಡೆಡ್‌ವ್ಲೇಯ ಒಣಮರಗಳು, ಪ್ರಾಗ್‌ನ ಚಾರ್ಲ್ಸ್ ಸೇತುವೆ, ಕೆಚಕ್ ನರ್ತಕರು ಗುಂಪಾಗಿ ಕುಳಿತು ಹಾಡುವ ಬಾಲಿ ದ್ವೀಪ ಹೀಗೆ ಪಟ್ಟಿ ಬೆಳೆಯಿತು. ಭೂದೃಶ್ಯಗಳಿಗೆ ಕಂಪ್ಯೂಟರ್ ತಂತ್ರವನ್ನು ಅವರು ಬಳಸಲಿಲ್ಲ. ತಂತ್ರ ಬೇಗ ಹಳೆಯದಾಗುತ್ತದೆ, ನಿಜವಾದ ಜಾಗ ಹಳತಾಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಭಾರತಕ್ಕೆ ಈ ಚಿತ್ರದಲ್ಲಿ ದೊಡ್ಡ ಪಾಲಿದೆ. ಜೈಪುರದ ಜಂತರ್ ಮಂತರ್‌ನ ಖಗೋಳ ಯಂತ್ರಗಳು ಇಲ್ಲಿ ಚಕ್ರವ್ಯೂಹವಾಗುತ್ತವೆ. ಅಭಾನೇರಿಯ ಚಾಂದ್ ಬಾವಡಿಯ ಸಾವಿರಾರು ಮೆಟ್ಟಿಲುಗಳು, ಫತೇಪುರ್ ಸಿಕ್ರಿ, ಉದಯಪುರದ ಸರೋವರದ ಅರಮನೆ, ಲಡಾಖಿನ ಬೋಳುಬೆಟ್ಟಗಳು ಒಂದೇ ಕತೆಯ ಅಕ್ಕಪಕ್ಕದ ಊರುಗಳಾಗಿ ಬಂದುಹೋಗುತ್ತವೆ. ಜೋಧಪುರದ ಹಳೆಯ ಊರಿನವರಿಗೆ ಮನೆಗೆ ಬಳಿಯಲು ಬಣ್ಣವನ್ನು ಚಿತ್ರತಂಡವೇ ಹಂಚಿತು. ನೀಲಿ ಬಳಿಯುವುದು ಅಲ್ಲಿನ ವಾಡಿಕೆಯೇ ಆದ್ದರಿಂದ ಇಡೀ ಊರು ಕ್ಯಾಮೆರಾಗೆ ಹೊಸ ನೀಲಿಯಲ್ಲಿ ಎದುರಾಯಿತು. ಕಡಲಲ್ಲಿ ಈಜುವ ಆನೆ ಅಂಡಮಾನಿನದು, ಅದೂ ಯಾವ ಕಣ್ಕಟ್ಟೂ ಇಲ್ಲದೆ ನೀರೊಳಗಿಂದ ತೆಗೆದದ್ದು. ತಾಜ್‌ಮಹಲ್ ಮತ್ತು ಗುಡ್ಡಗಳನ್ನು ಪ್ರವಾಸಿ ಚಿತ್ರಪಟದಲ್ಲಿ ನೋಡಿ ಬೇಸತ್ತ ಭಾರತೀಯ ಕಣ್ಣಿಗೂ ಈ ಜಾಗಗಳು ಹೊಸದಾಗಿ ಕಾಣುವುದು ಚೌಕಟ್ಟಿನ ಲೆಕ್ಕದಿಂದ. ಮನುಷ್ಯ ಎಷ್ಟು ಚಿಕ್ಕವನು ಎಂಬುದನ್ನು ಛಾಯಾಗ್ರಾಹಕ ಕಾಲಿನ್ ವಾಟ್ಕಿನ್ಸನ್ ಪ್ರತಿ ದೃಶ್ಯದಲ್ಲೂ ಅಳತೆ ಮಾಡಿ ತೋರಿಸುತ್ತಾರೆ.

ಚಿತ್ರ 2006ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಉತ್ಸವದಲ್ಲಿ ಮೊದಲ ಬಾರಿ ತೆರೆಕಂಡಿತು. ಕೊಳ್ಳುವವರು ಮುಂದೆ ಬರಲಿಲ್ಲ. 2007ರಲ್ಲಿ ಸ್ಪೇನಿನ ಸಿಟ್ಜೆಸ್ ಉತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂದರೂ ಅಮೆರಿಕದ ಚಿತ್ರಮಂದಿರಗಳಿಗೆ ಬರಲು 2008ರ ಮೇ ತಿಂಗಳಾಯಿತು. ಅದಕ್ಕೂ ಮ್ಯೂಸಿಕ್ ವಿಡಿಯೋ ಬಳಗದ ಗೆಳೆಯರೇ ನೆರವಾಗಬೇಕಾಯಿತು. ಡೇವಿಡ್ ಫಿಂಚರ್ ಮತ್ತು ಸ್ಪೈಕ್ ಜೋನ್ಸ್ ತಮ್ಮ ಹೆಸರನ್ನು 'ಅರ್ಪಿಸುವವರು' ಎಂದು ಹಾಕಲು ಒಪ್ಪಿದರು. ಗಳಿಕೆ ತೀರ ಕಡಿಮೆ. ಹಲವು ವಿಮರ್ಶಕರು ಮತ್ತೆ ಅದೇ ಮಾತು ಆಡಿದರು: ಸುಂದರ, ಆದರೆ ಕತೆಯಿಲ್ಲ. ಎಬರ್ಟ್ ಮಾತ್ರ ಈ ಬಾರಿಯೂ ನಾಲ್ಕು ನಕ್ಷತ್ರ ಕೊಟ್ಟರು.

ಸ್ಟುಡಿಯೋಗಳ ನೆರಳಿನಲ್ಲಿ

ಸ್ವಂತ ಹಣ ಖಾಲಿಯಾದ ಮೇಲೆ ತರ್ಸೇಮ್ ಬೇರೆಯವರ ಯೋಜನೆಗಳಿಗೆ ಬಂದರು. 2011ರ ನವೆಂಬರ್ 11ರಂದು ಬಿಡುಗಡೆಯಾದ 'ಇಮ್ಮಾರ್ಟಲ್ಸ್' ಗ್ರೀಕ್ ಪುರಾಣದ ಥೀಸಿಯಸ್ ಕತೆ. ಝ್ಯಾಕ್ ಸ್ನೈಡರ್ ಅವರ '300' ಚಿತ್ರದ ನಿರ್ಮಾಪಕರೇ ಇದರ ಹಿಂದಿದ್ದರು. ನಾಯಕ ಹೆನ್ರಿ ಕ್ಯಾವಿಲ್ ಎರಡು ವರ್ಷದ ಮೇಲೆ ಸೂಪರ್‌ಮ್ಯಾನ್ ಆದರು. ಖಳ ಮಿಕಿ ರೂರ್ಕ್, ಭವಿಷ್ಯ ನುಡಿಯುವ ಫೀಡ್ರಾ ಪಾತ್ರದಲ್ಲಿ ಮುಂಬೈ ಮೂಲದ ಫ್ರೀಡಾ ಪಿಂಟೊ. ನಿಜವಾದ ಜಾಗಗಳ ಹಟ ಹಿಡಿದಿದ್ದ ನಿರ್ದೇಶಕರು ಈ ಚಿತ್ರವನ್ನು ಬಹುಪಾಲು ಮಾಂಟ್ರಿಯಲ್‌ನ ಸ್ಟುಡಿಯೋಗಳೊಳಗೆ ಮುಗಿಸಿದರು. ಕರವಾಜಿಯೊ ಬೆಳಕು ಇಲ್ಲಿಯೂ ಇದೆ, ಇಶಿಯೊಕಾ ಅವರ ಚಿನ್ನದ ಕಿರೀಟಗಳೂ ಇವೆ. ಗಳಿಕೆ 22 ಕೋಟಿ ಡಾಲರ್ ಮೀರಿತು. ಹಣದ ಲೆಕ್ಕದಲ್ಲಿ ಇದೇ ಅವರ ಅತಿ ದೊಡ್ಡ ಗೆಲುವು. ಕತೆ ಮಾತ್ರ ಯಾರ ನೆನಪಿನಲ್ಲೂ ಉಳಿಯಲಿಲ್ಲ.

2012ರ ಮಾರ್ಚ್‌ನಲ್ಲಿ ಬಂದ 'ಮಿರರ್ ಮಿರರ್' ಸ್ನೋ ವೈಟ್ ಕತೆಯ ಹಾಸ್ಯರೂಪ. ಮಲತಾಯಿ ರಾಣಿಯಾಗಿ ಜೂಲಿಯಾ ರಾಬರ್ಟ್ಸ್, ರಾಜಕುಮಾರಿಯಾಗಿ ಲಿಲಿ ಕಾಲಿನ್ಸ್. ಇಡೀ ಪರಿವಾರ ಹಿಂದಿ ಸಿನಿಮಾ ಧಾಟಿಯಲ್ಲಿ ಹಾಡಿ ಕುಣಿಯುವುದರೊಂದಿಗೆ ಚಿತ್ರ ಮುಗಿಯುತ್ತದೆ. ಚಿತ್ರ ತೆರೆಗೆ ಬರುವ ಮೊದಲೇ, 2012ರ ಜನವರಿಯಲ್ಲಿ ಎಯ್ಕೊ ಇಶಿಯೊಕಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಚಿತ್ರದ ಉಡುಪುಗಳಿಗೆ ಅವರಿಗೆ ಮರಣೋತ್ತರ ಆಸ್ಕರ್ ನಾಮನಿರ್ದೇಶನ ಬಂತು. ತರ್ಸೇಮ್ ಅವರ ಚಿತ್ರಗಳ ನೋಟ ಎಷ್ಟರಮಟ್ಟಿಗೆ ಆಕೆಯದೂ ಆಗಿತ್ತು ಎಂಬುದು ಮುಂದಿನ ಚಿತ್ರದಲ್ಲಿ ತಿಳಿಯಿತು. 2015ರ 'ಸೆಲ್ಫ್‌ಲೆಸ್'ನಲ್ಲಿ ಸಾಯುತ್ತಿರುವ ಶ್ರೀಮಂತ ಮುದುಕ ತನ್ನ ಪ್ರಜ್ಞೆಯನ್ನು ಯುವಕನ ದೇಹಕ್ಕೆ ವರ್ಗಾಯಿಸಿಕೊಳ್ಳುತ್ತಾನೆ. ಬೆನ್ ಕಿಂಗ್ಸ್ಲಿ, ರಯಾನ್ ರೆನಾಲ್ಡ್ಸ್ ಇದ್ದರೂ ಚಿತ್ರ ಬಿದ್ದುಹೋಯಿತು. ಯಾರು ಬೇಕಾದರೂ ನಿರ್ದೇಶಿಸಬಹುದಾಗಿದ್ದ ಸಾಧಾರಣ ಥ್ರಿಲ್ಲರ್ ಅದು. 2017ರಲ್ಲಿ ಎನ್‌ಬಿಸಿ ವಾಹಿನಿಗಾಗಿ 'ಎಮರಾಲ್ಡ್ ಸಿಟಿ' ಸರಣಿಯ ಹತ್ತೂ ಕಂತುಗಳನ್ನು ಅವರೇ ನಿರ್ದೇಶಿಸಿದರು. ಸ್ಪೇನ್, ಕ್ರೊಯೇಷಿಯಾಗಳ ನಿಜ ಜಾಗಗಳಲ್ಲಿ 'ಓಝ್' ಕತೆಯನ್ನು ಮರುಕಟ್ಟಿದ ಆ ಸರಣಿ ಒಂದೇ ಋತುವಿಗೆ ನಿಂತಿತು.

ಮರಳಿ ಹಾಡಿಗೆ, ಮರಳಿ ಪಂಜಾಬಿಗೆ

ಬಹುಕಾಲದ ನಂತರ 2020ರ ಸೆಪ್ಟೆಂಬರಿನಲ್ಲಿ ತರ್ಸೇಮ್ ಮ್ಯೂಸಿಕ್ ವಿಡಿಯೋಗೆ ಹಿಂದಿರುಗಿದರು. ಲೇಡಿ ಗಾಗಾ ಅವರ '911' ಹಾಡಿನ ಈ ವಿಡಿಯೋ ಬಿಳಿ ಮರಳಿನಲ್ಲಿ ಕಣ್ಣು ತೆರೆಯುವ ಗಾಯಕಿಯಿಂದ ಶುರುವಾಗುತ್ತದೆ. ಉದ್ದಕ್ಕೂ ಬರುವ ಸ್ತಬ್ಧಚಿತ್ರಗಳು ಸೆರ್ಗೇಯ್ ಪರಜಾನೊವ್ ಅವರ 1969ರ 'ದ ಕಲರ್ ಆಫ್ ಪೊಮಗ್ರನೆಟ್ಸ್' ಚಿತ್ರಕ್ಕೆ ಸಲ್ಲಿಸಿದ ಗೌರವ. ಕೊನೆಯಲ್ಲಿ ಎಲ್ಲವೂ ಬೇರೆಯಾಗಿ ತಿಳಿಯುತ್ತದೆ. ಅಪಘಾತವೊಂದರಲ್ಲಿ ಬಿದ್ದ ಹೆಣ್ಣಿನ ಅರೆಪ್ರಜ್ಞೆಯಲ್ಲಿ ಸುತ್ತಲಿನ ಜನ, ಜಾಹೀರಾತು ಫಲಕ, ವೈದ್ಯರು ಕನಸಿನ ಪಾತ್ರಗಳಾಗಿ ಬಂದಿದ್ದರು. 'ದ ಫಾಲ್'ನ ರಚನೆಯೇ ಇಲ್ಲಿ ಕೆಲವು ನಿಮಿಷಗಳಿಗೆ ಇಳಿದಿದೆ.

2023ರಲ್ಲಿ ಬಂದ 'ಡಿಯರ್ ಜಸ್ಸಿ' ಎಲ್ಲರ ನಿರೀಕ್ಷೆಗೂ ತದ್ವಿರುದ್ಧವಾಗಿತ್ತು. ಕೆನಡಾದಲ್ಲಿ ಬೆಳೆದ ಪಂಜಾಬಿ ಯುವತಿಯೊಬ್ಬಳು ಜಗರಾಂವ್ ಕಡೆಯ ರಿಕ್ಷಾ ಚಾಲಕನನ್ನು ಪ್ರೀತಿಸಿ, ಮನೆಯವರಿಗೆ ತಿಳಿಸದೆ ಮದುವೆಯಾಗಿ, 2000ದ ಜೂನ್‌ನಲ್ಲಿ ಪಂಜಾಬಿನಲ್ಲಿ ಕೊಲೆಯಾದ ನಿಜ ಘಟನೆ ಇದರ ವಸ್ತು. ಚಿತ್ರಕಥೆ ಅಮಿತ್ ರಾಯ್ ಅವರದು. ಪಾವಿಯಾ ಸಿಧು ಮತ್ತು ಯುಗಂ ಸೂದ್ ಮುಖ್ಯ ಪಾತ್ರಗಳಲ್ಲಿದ್ದಾರೆ. ತರ್ಸೇಮ್ ತಾವು ಹುಟ್ಟಿದ ನಾಡಿನಲ್ಲಿ, ಅಲ್ಲಿನ ಭಾಷೆಯಲ್ಲಿ ತೆಗೆದ ಮೊದಲ ಕಥಾಚಿತ್ರ ಇದು. ಇಲ್ಲಿ ವಿಚಿತ್ರ ಉಡುಪುಗಳಿಲ್ಲ, ಕನಸಿನ ಲೋಕವಿಲ್ಲ. ಕ್ಯಾಮೆರಾ ದೂರದಲ್ಲಿ ನಿಂತು ದೀರ್ಘವಾಗಿ ನೋಡುತ್ತದೆ. ಮಾಳಿಗೆ, ಓಣಿ, ಅಂಗಳಗಳಲ್ಲಿ ಮೊದಲರ್ಧ ತಮಾಷೆಯ ಪ್ರೇಮಕತೆಯಾಗಿ ಸಾಗುತ್ತದೆ. ಹಿಂಸೆ ಬಂದಾಗ ಅದನ್ನು ಸುಂದರಗೊಳಿಸುವ ಯಾವ ಪ್ರಯತ್ನವೂ ಇಲ್ಲ. ಟೊರಾಂಟೊ ಉತ್ಸವದಲ್ಲಿ ತೀರ್ಪುಗಾರರು ಆಯ್ಕೆ ಮಾಡುವ ಪ್ಲಾಟ್‌ಫಾರ್ಮ್ ಪ್ರಶಸ್ತಿ ಇದಕ್ಕೆ ಸಂದಿತು.

ಇದರ ಮರುವರ್ಷ 'ದ ಫಾಲ್'ಗೆ ಎರಡನೆಯ ಜನ್ಮ ಸಿಕ್ಕಿತು. ವರ್ಷಗಳ ಕಾಲ ಯಾವ ಸ್ಟ್ರೀಮಿಂಗ್ ತಾಣದಲ್ಲೂ ಸಿಗದೆ, ಹಳೆಯ ಡಿವಿಡಿಗಳಲ್ಲಷ್ಟೇ ಉಳಿದಿದ್ದ ಚಿತ್ರವನ್ನು 4ಕೆ ಗುಣಮಟ್ಟಕ್ಕೆ ಪುನರುಜ್ಜೀವನಗೊಳಿಸಲಾಯಿತು. 2024ರ ಆಗಸ್ಟ್‌ನಲ್ಲಿ ಲೊಕಾರ್ನೊ ಉತ್ಸವದಲ್ಲಿ ತೋರಿಸಿ, ಸೆಪ್ಟೆಂಬರಿನಿಂದ ಮೂಬಿ ವೇದಿಕೆಯಲ್ಲಿ ಬಿಡುಗಡೆ ಮಾಡಲಾಯಿತು. ಚಿತ್ರ ಮೊದಲು ಬಂದಾಗ ಶಾಲೆಯಲ್ಲಿದ್ದ ತಲೆಮಾರು ಈಗ ಅದನ್ನು ಹುಡುಕಿಕೊಂಡು ಬಂದಿತು. ಕಂಪ್ಯೂಟರಿನಲ್ಲಿ ಯಾವ ಲೋಕವನ್ನಾದರೂ ಕ್ಷಣದಲ್ಲಿ ಹುಟ್ಟಿಸಬಹುದಾದ ಕಾಲದಲ್ಲಿ, ಈ ಜಾಗಗಳೆಲ್ಲ ನಿಜ ಎಂಬುದೇ ಅವರಿಗೆ ಬೆರಗಿನ ವಿಷಯವಾಯಿತು.

ತರ್ಸೇಮ್ ಸಿಂಗ್ ಅವರ ಕೆಲಸವನ್ನು ಒಟ್ಟಾಗಿ ನೋಡಿದರೆ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೇರೆಯವರ ಚಿತ್ರಕಥೆಗೆ ಅವರು ಚಿತ್ರ ಹೊದಿಸಿದಾಗ ಆ ಚಿತ್ರ ಅಲಂಕಾರವಾಗಿ ಉಳಿದಿದೆ. 'ಇಮ್ಮಾರ್ಟಲ್ಸ್', 'ಸೆಲ್ಫ್‌ಲೆಸ್' ಅದಕ್ಕೆ ಸಾಕ್ಷಿ. ನೋಡುವವನೇ ಕತೆ ಕಟ್ಟಿಕೊಳ್ಳುವ ಅನುಭವ ವಸ್ತುವಾದಾಗ ಚಿತ್ರ ಮತ್ತು ಕತೆ ಒಂದೇ ಆಗಿವೆ. 'ಲೂಸಿಂಗ್ ಮೈ ರಿಲಿಜನ್' ಮತ್ತು 'ದ ಫಾಲ್' ಅಂಥವು. ಮ್ಯೂಸಿಕ್ ವಿಡಿಯೋ ಅವರನ್ನು ಕೆಡಿಸಿತು ಎಂಬ ಹಳೆಯ ದೂರು ನಿಲ್ಲುವುದಿಲ್ಲ. ಅಲ್ಲಿ ಕಲಿತದ್ದರಿಂದಲೇ ಅವರ ಅತ್ಯುತ್ತಮ ಚಿತ್ರ ಹುಟ್ಟಿತು, ಜಾಹೀರಾತಿನಲ್ಲಿ ದುಡಿದ ಹಣದಿಂದಲೇ ಅದು ಮುಗಿಯಿತು. ಅವರ ಮಾರುಕಟ್ಟೆಯ ಗೆಲುವುಗಳು ಮಸುಕಾದ ಮೇಲೂ ಆ ಒಂದು ಚಿತ್ರ ಉಳಿಯುತ್ತದೆ.